ದುಂಡಪ್ಪ ಕೊಟ್ಟ ಜಾಯಿಂಟು

ಕೂತಾದರೂ ಕೇಳ್ರಿ, ನಿಂತಾದರೂ ಕೇಳ್ರಿ, ದುಂಡಪ್ಪನ ಕತೆ ಮಾತ್ರ ನಿಂತಲ್ಲಿ ನಿಲ್ಲೂದಿಲ್ಲ.

ಬೆಳಗಾವಿ ಕಡೆ ತಂಗೆವ್ವ ಅಂತ ಒಬ್ಬಳು. ಅವಳಿಗೆ ಒಬ್ಬನೇ ಮಗ ದುಂಡಪ್ಪ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವ. ಅದೇ ಅವನ ಗುಣ, ಅದೇ ಅವನ ರೋಗ. ಕೆಲಸಕ್ಕೆ ಇಟ್ಟುಕೊಂಡವರೆಲ್ಲ ಕೈಮುಗಿದು ಕಳಿಸಿದ್ದರು. ಕಡೆಗೆ ತಂಗೆವ್ವ ಅವನನ್ನು ತನ್ನ ತಮ್ಮ ಗದಿಗೆಪ್ಪನ ವರ್ಕ್‌ಶಾಪಿಗೆ ತಂದು ನಿಲ್ಲಿಸಿದಳು. ಅಲ್ಲಿ ಕಬ್ಬಿಣ ಕೊಯ್ಯುವ ಮೊದಲು ಯಂತ್ರವನ್ನು ಕಂಪ್ಯೂಟರಿನಲ್ಲೇ ಭಾಗ ಭಾಗ ಬರೆದು, ಜಾಯಿಂಟ್ ಕೊಟ್ಟು ಜೋಡಿಸಿ, ತಿರುಗಿಸಿ ನೋಡುತ್ತಿದ್ದರು.

“ಅಕ್ಕಾ, ಶಾವಿಗಿ ಯಂತ್ರ ಕೇಳಾಕ ಸಾವಕಾರ್ರು ಶುಕ್ರವಾರ ಬರ್ತಾರ. ಆರ್ಡರ್ ಹೋತಂದ್ರ ನಿನ್ನ ಮಗನೂ ಹೋದ!” ಅಂದ ಗದಿಗೆಪ್ಪ.

“ಮಾಮಾ ಹೇಳಿದಂಗ ಮಾಡೋ ನನ್ನಪ್ಪಾ!”

“ಹ್ಞೂಂ ಯವ್ವಾ!”

ತಂಗೆವ್ವನಿಗೆ ಮನೆಯಲ್ಲಿ ಕಾಲು ನಿಲ್ಲಲಿಲ್ಲ. ಬುತ್ತಿ ನೆವ ಮಾಡಿ ದಿನಾ ವರ್ಕ್‌ಶಾಪಿನ ಬಾಗಿಲಿಗೆ ಬಂದಳು.

“ಮೊದಲು ತಂದ ಭಾಗಾನ ನೆಲಕ್ಕ ಕಚ್ಚಿಸು. ಅಲುಗಾಡಬಾರದು!” ಅಂದಿದ್ದ ಮಾಮಾ. ದುಂಡಪ್ಪ ಮೊದಲು ತಂದದ್ದು ಹಿಡಿಕೆ. ಅದನ್ನೇ ಕಚ್ಚಿಸಿದ. ಗದಿಗೆಪ್ಪ ತಿರುಗಿಸಿ ನೋಡುತ್ತಾನೆ, ಹಿಡಿಕೆ ಗಟ್ಟಿ ನಿಂತಿದೆ, ಇಡೀ ಯಂತ್ರ ಅದರ ಸುತ್ತ ಗರಗರ ತಿರುಗುತ್ತಿದೆ!

“ಹುಚ್ಚಪ್ಯಾಲಿ! ಸ್ಟ್ಯಾಂಡ್ ಕಚ್ಚಿಸಬೇಕು! ಎರಡು ಭಾಗ ಕೂಡಿದಲ್ಲಿ ತಿರಗೋ ಜಾಯಿಂಟ್ ಕೊಡಬೇಕು!”

“ಹ್ಞೂಂ ಮಾಮಾ!”

ಮರುದಿನ ಎರಡು ಭಾಗ ಕೂಡಿದಲ್ಲೆಲ್ಲ ತಿರುಗುವ ಜಾಯಿಂಟ್ ಕೊಟ್ಟ. ಹಿಡಿಕೆಗೂ ಕೊಟ್ಟ, ಸ್ಟ್ಯಾಂಡಿನ ಕಾಲುಗಳಿಗೂ ಕೊಟ್ಟ. ಮಾಮಾ ಮೌಸ್ ಮುಟ್ಟಿದ್ದೇ ತಡ, ಆಗತಾನೇ ಹುಟ್ಟಿದ ಕರುವಿನ ಹಾಗೆ ಯಂತ್ರದ ಕಾಲೆಲ್ಲ ಒಂದೊಂದು ದಿಕ್ಕಿಗೆ ಹೋದವು.

“ಅಯ್ಯೋ ಖೋಡಿ! ಬೇಕಾದಷ್ಟ ತಿರಗಲಿ, ಬ್ಯಾಡಾದ್ದಕ್ಕೆಲ್ಲಾ ತಡಿ ಹಾಕು!”

“ಹ್ಞೂಂ ಮಾಮಾ!”

ತಡೆ ಹಾಕಿದ. ಹಿಡಿಕೆ ಅರ್ಧ ಸುತ್ತು ತಿರುಗಿ ಠಕ್ ಅಂತ ನಿಂತಿತು.

“ಯಾಕೋ ನಿಂತ್ತು?”

“ಒಂದು ಎಳಿ ಶಾವಿಗಿ ಬಂತಲ್ಲ ಮಾಮಾ. ಸಾಲದೇನು?”

ಗದಿಗೆಪ್ಪ ಹಣೆ ಬಡಿದುಕೊಂಡ. “ಏನು ಬೇಕು ಅಂತ ಮೊದಲ ಕೇಳೋ! ಕೇಳಿ ಆಮ್ಯಾಲ ತಡಿ ಹಾಕೋ!” ಅಂದವನೇ ತಾನೇ ಕೂತು ಯಂತ್ರ ಸರಿ ಮಾಡಿದ. ಬಾಗಿಲಲ್ಲಿ ತಂಗೆವ್ವ ಸೆರಗಿನ ತುದಿ ಹಿಂಡಿ ಹಿಂಡಿ ಹಗ್ಗ ಮಾಡಿದ್ದಳು.

ಶುಕ್ರವಾರ ಬಂತು. ಸಾವಕಾರರೂ ಬಂದರು. ದೂರದಿಂದ ಬಂದ ಭಾರಿ ಮೈ. ಫ್ಯಾನಿನ ಕೆಳಗೆ ಕುರ್ಚಿಗೆ ಒರಗಿದ್ದೇ ಗೊರಕೆ ಶುರು.

“ನಾ ಚಾ ತರ್ತೀನಿ. ನೀ ಕಂಪ್ಯೂಟರ್ ಮುಟ್ಟಬ್ಯಾಡ!” ಅಂದ ಗದಿಗೆಪ್ಪ.

ದುಂಡಪ್ಪನಿಗೆ ನಿನ್ನೆಯ ಮಾತು ನೆನಪಿತ್ತು. ಮೊದಲು ಕೇಳಿದ: “ಮಾಮಾ, ಸಾವಕಾರ್ರಿಂದ ಏನು ಬೇಕು?”

“ಹ್ಞೂಂ ಅನಬೇಕು! ಬ್ಯಾಡ ಅನಬಾರದು! ಎದ್ದು ಹೋಗಬಾರದು! ಮತ್ತೇನು ಬೇಕೋ?”

“ಇಷ್ಟ ಸಾಕು ಮಾಮಾ!”

ಸ್ವಲ್ಪ ಹೊತ್ತಿಗೆ ತಂಗೆವ್ವ ಬುತ್ತಿ ಹಿಡಿದು ಬಂದಳು. ಹಿಂದೆಯೇ ಚಹಾ ಹಿಡಿದು ಗದಿಗೆಪ್ಪ ಬಂದ. ಇಬ್ಬರೂ ಹೊಸ್ತಿಲಲ್ಲೇ ನಿಂತರು. ಕುರ್ಚಿಯನ್ನು ಕಬ್ಬಿಣದ ಕಂಬಕ್ಕೆ ಕ್ಲ್ಯಾಂಪ್ ಹಾಕಿ ಬಿಗಿದಿದೆ. ಸಾವಕಾರರ ಹೊಟ್ಟೆಗೆ, ಕೈಗೆ, ಕಾಲಿಗೆ ಮೋಟರಿನ ಬೆಲ್ಟು. ಬಾಯಿಗೆ ಅರಿವೆ. ಎರಡು ಕೆನ್ನೆಗೆ ಎರಡು ಹಲಗೆ. ನಿದ್ದೆ ಹಾರಿದ ಕಣ್ಣು ಮಾತ್ರ ಬಿಟ್ಟ ಹಾಗೇ ಇವೆ!

“ಇದೇನು ಮಾಡಿದ್ಯೋ ನನ್ನ ಹಣೇಬರಾನ!”

“ಜಾಯಿಂಟ್ ಯವ್ವಾ! ಕುರ್ಚಿ ಕಚ್ಚಿಸೇನಿ, ಎದ್ದು ಹೋಗೂದಿಲ್ಲ. ಬಾಯಿಗೆ ಅರಿವಿ, ಬ್ಯಾಡ ಅನ್ನೂದಿಲ್ಲ. ತಲಿ ಅಡ್ಡಕ್ಕ ಅಲ್ಲಾಡಂಗಿಲ್ಲ, ಹಲಗಿ ತಡೀತಾವ. ಮ್ಯಾಲ-ಕೆಳಗ ಅಷ್ಟ ಬಿಟ್ಟೇನಿ!”

ತಂಗೆವ್ವನ ಕೈಯಿಂದ ಬುತ್ತಿ ಜಾರಿತು. ಗದಿಗೆಪ್ಪ ಚಹಾ ಕೆಳಗಿಟ್ಟು ಹತ್ತಿರ ಹೋದ.

“ಸಾ... ಸಾವಕಾರ್ರ, ಬಿಚ್ಚಲೇನ್ರಿ?”

ಸಾವಕಾರರು ತಲೆ ಆಡಿಸಿದರು. ಮೇಲೆ ಕೆಳಗೆ, ಮೇಲೆ ಕೆಳಗೆ, ಕುತ್ತಿಗೆ ಕಿತ್ತು ಬರುವ ಹಾಗೆ!

ದುಂಡಪ್ಪ ಚಪ್ಪಾಳೆ ತಟ್ಟಿ ಕುಣಿದ.

“ಮಾಮಾ, ಬಿಚ್ಚಬ್ಯಾಡ! ಹ್ಞೂಂ ಹ್ಞೂಂ ಅನ್ನಾಕತ್ತಾರ, ಎಷ್ಟು ಯಂತ್ರ ಅಂತ ಮೊದಲ ಎಣಿಸ್ಕೋ!”