ಬಾಳವ್ವನ ರೊಟ್ಟಿ, ದುಂಡ್ಯಾನ ಮೈಕು

ನಗುವವರು ಹತ್ತಿರ ಬಂದು ಕೂಡ್ರಿ. ಯಾರನ್ನು ನೋಡಿ ನಗಬೇಕು ಅನ್ನೋದನ್ನು ಮಾತ್ರ ಕತೆ ಮುಗಿದ ಮೇಲೆ ನೀವೇ ಹೇಳ್ರಿ.

ಒಂದು ಪೇಟೆಯಲ್ಲಿ ಬಾಳವ್ವ ಅಂತ ಒಬ್ಬಳಿದ್ದಳು. ಅವಳಿಗೊಬ್ಬನೇ ಮಗ, ದುರದುಂಡಿ. ಊರೆಲ್ಲ ದುಂಡ್ಯಾ ಅಂತಿತ್ತು. 'ಬಾಗಿಲು ನೋಡ್ಕೋತ ಕೂಡು' ಅಂದರೆ, ನಾಯಿ ಒಳಗೆ ಹೊಕ್ಕು ರೊಟ್ಟಿ ತಿಂದರೂ ಬಾಗಿಲನ್ನೇ ನೋಡುತ್ತ ಕೂಡುವ ಪುಣ್ಯಾತ್ಮ!

ಬಾಳವ್ವ ಮೂವರು ಹೆಂಗಸರನ್ನು ಕಟ್ಟಿಕೊಂಡು ಜೋಳದ ರೊಟ್ಟಿ ಬಡಿದು ಮಾರುತ್ತಿದ್ದಳು. ಗಿರಾಕಿಗಳು ಫೋನಿನಲ್ಲಿ ಅವಳ ರೊಟ್ಟಿಯ ಪುಟ ತೆರೆದು ಆರ್ಡರ್ ಕೊಡುತ್ತಿದ್ದರು. ಈಚೆಗೆ ಏನಾಯಿತೋ, ಪುಟ ತೆರೆಯದೆ ಬರೀ ಚಕ್ರ ತಿರುಗುತ್ತಿತ್ತು. ದೊಡ್ಡ ಶಹರದ ಪಾಕೀಟು ರೊಟ್ಟಿಯವರ ಪುಟ ಮಾತ್ರ ಒತ್ತಿದ ಕೂಡಲೇ ತೆರೆಯುತ್ತಿತ್ತು. ಹೀಗೇ ನಡೆದರೆ ನಾಲ್ಕು ಮನೆಯ ಒಲೆ ಆರುವುದು ಖಂಡಿತ.

ಅಷ್ಟರಲ್ಲಿ ದುಂಡ್ಯಾನಿಗೆ ಫೋನ್ ಕಂಪನಿಯ ಆಫೀಸಿನಲ್ಲಿ ಜವಾನನ ಕೆಲಸ ಸಿಕ್ಕಿತು. ಬಾಳವ್ವ ಕೈಮುಗಿದಳು. "ಎಪ್ಪಾ, ಮ್ಯಾನೇಜರ್ ಸಾಹೇಬ್ರು ಹೇಳಿದಷ್ಟ ಮಾಡು. ನಿನ್ನ ತಲಿ ಮಾತ್ರ ಓಡಸಬ್ಯಾಡ!"

"ಓಡಸೂದಿಲ್ಲ ಯವ್ವಾ!"

ಆಗ ಸರಕಾರ ಒಂದು ನಿಯಮ ತರಲು ಹೊರಟಿತ್ತು: ಫೋನ್ ಕಂಪನಿಯವರು ಬಡವರ ಪುಟ, ಶ್ರೀಮಂತರ ಪುಟ ಅಂತ ಭೇದ ಮಾಡಬಾರದು, ಎಲ್ಲವನ್ನೂ ಒಂದೇ ವೇಗದಲ್ಲಿ ಒಯ್ಯಬೇಕು. ಕಂಪನಿಗೆ ಹೊಟ್ಟೆಯುರಿ. ಮ್ಯಾನೇಜರ್ ದುಂಡ್ಯಾನಿಗೆ ಕಾಗದದ ಕಟ್ಟು ಕೊಟ್ಟ.

"'ಈ ನಿಯಮ ನಮಗ ಬ್ಯಾಡ' ಅಂತ ಇದರಾಗ ಬರದೈತಿ. ಮಂದಿ ಕಡೆ ಸಹಿ ಹಾಕಿಸ್ಕೊಂಡ ಬಾ. ಓದಾಕ ಮಾತ್ರ ಬಿಡಬ್ಯಾಡ!"

ದುಂಡ್ಯಾ ಹೋದ. ಸಿಕ್ಕವರ ಕಣ್ಣಿಗೆ ಟವೆಲ್ ಕಟ್ಟಿದ, ಕೈಗೆ ಪೆನ್ನು ಕೊಟ್ಟ. ಒಬ್ಬ ಮೇಜಿನ ಮೇಲೆ ಸಹಿ ಹಾಕಿದ, ಇನ್ನೊಬ್ಬ ದುಂಡ್ಯಾನ ಅಂಗಿಯ ಮೇಲೆ ಹಾಕಿದ. ಮಂದಿ ಆಫೀಸಿಗೇ ಬಂದು ಗಲಾಟೆ ಮಾಡಿದರು. ಅವರೆದುರು ಮಾನ ಉಳಿಸಿಕೊಳ್ಳಲು ಮ್ಯಾನೇಜರ್ ದುಂಡ್ಯಾನನ್ನು ಬೈದ.

"ಖೋಡಿ! ಕಣ್ಣು ಕಟ್ಟತಾರೇನಲೇ? ಕಾಗದ ಕೊಟ್ರ ನಾಕ ಮಂದಿ ಮುಂದ ನಿಂತು ಜೋರಾಗಿ ಓದಿ ಹೇಳಬೇಕು, ತಿಳೀತೇನು?"

"ತಿಳೀತ್ರಿ!"

ಮರುದಿನ ಮ್ಯಾನೇಜರ್ ಒಂದು ಲಕೋಟೆ ಕೊಟ್ಟು, ಪಕ್ಕದ ಬ್ರ್ಯಾಂಚಿಗೆ ಮುಟ್ಟಿಸು ಅಂದ. ದುಂಡ್ಯಾ ಕಾಯಿಪಲ್ಲೆ ಬಜಾರಿನ ನಡುವೆ ನಿಂತ, ಲಕೋಟೆ ಹರಿದ, ಗಂಟಲು ಹರಿಯುವ ಹಾಗೆ ಓದಿದ:

"ಪಾಕೀಟು ರೊಟ್ಟಿಯವರು ರೊಕ್ಕ ಕೊಟ್ಟಿದ್ದಾರೆ, ಅವರ ಪುಟ ಮುಂದೆ ಓಡಿಸಿರಿ. ಕೊಡದವರದನ್ನು ನಿಧಾನ ಮಾಡಿರಿ. ನಿಯಮ ಬಂದರೆ ಈ ಗಳಿಕೆ ನಿಲ್ಲುತ್ತದೆ, ಹೇಗಾದರೂ ತಡೆಯಿರಿ!"

ಅಲ್ಲೇ ಮೆಣಸಿನಕಾಯಿ ಕೊಳ್ಳುತ್ತಿದ್ದ ಬಾಳವ್ವನ ಮೈಯೆಲ್ಲ ಉರಿಯಿತು. "ತಿಂಗಳಾ ತಿಂಗಳಾ ನೆಟ್ಟಿನ ರೊಕ್ಕಾ ನಾನೂ ಕಟ್ಟತೇನಿ, ನನ್ನ ಗಿರಾಕಿನೂ ಕಟ್ಟತಾರ. ನಡುವ ನಿಂತು ಹಾದಿ ಅಡ್ಡಗಟ್ಟಾಕ ಇವರ್ಯಾರು? ಇವರ ಮನಿ ಹಾಳಾಗ್ಲಿ!"

ಆಫೀಸಿನಲ್ಲಿ ಮ್ಯಾನೇಜರ್ ಕುಣಿದಾಡಿದ. "ಪುಕ್ಕಟೆ ಬಾಯಿ ಬಿಡತೀಯೇನಲೇ! ನಮ್ಮಲ್ಲಿ ರೊಕ್ಕ ಕೊಟ್ಟವರದಷ್ಟ ನಡೀಬೇಕು, ಕೊಡದವರು ನಿಂತಿರಬೇಕು! ಇದೊಂದು ತಲ್ಯಾಗ ಇಟ್ಕೋ!"

"ಇಟ್ಕೊಂಡ್ನಿರಿ!"

ನಿಯಮದ ಬಗ್ಗೆ ಮಂದಿಯ ಮಾತು ಕೇಳಲು ಸರಕಾರದ ಅಧಿಕಾರಿ ಪುರಭವನಕ್ಕೆ ಬಂದರು. ಮೈಕಿನ ಏರ್ಪಾಡು ಕಂಪನಿಯದು, ಗುಂಡಿ ಒತ್ತುವ ಕೆಲಸ ದುಂಡ್ಯಾನದು. ಎಲ್ಲರಿಗಿಂತ ಮೊದಲು ಬಾಳವ್ವ ಎದ್ದಳು. ಮೈಕು ಬಂದ್!

"ಹತ್ತು ರೂಪಾಯಿ ಕೊಡು, ಯವ್ವಾ!"

"ಮೂಳಾ! ಹೆತ್ತ ತಾಯಿಗೆ ರೊಕ್ಕಾ ಕೇಳತೀಯೇನೋ?"

"ಕೊಡದವರು ನಿಂತಿರಬೇಕು!"

ಬಾಳವ್ವ ನಿಂತಳು, ಸಿಟ್ಟಿಗೆ ಕಣ್ಣಲ್ಲಿ ನೀರು ಬಂತು. ಅವಳ ಹಿಂದೆ ನೇಕಾರರು ನಿಂತರು, ಶಾಲೆಯ ಮಾಸ್ತರರು ನಿಂತರು. ಮ್ಯಾನೇಜರ್ ಮುಸಿಮುಸಿ ನಗುತ್ತ ಎದ್ದು ಬಂದ. ಮೈಕು ಬಂದ್!

"ರೊಕ್ಕಾ ಕೊಡ್ರಿ ಸಾಹೇಬ್ರ!"

ಮ್ಯಾನೇಜರ್ ಹತ್ತರ ನೋಟನ್ನು ದುಂಡ್ಯಾನ ಮುಖಕ್ಕೆ ಎಸೆದು ಬೈಯಲು ಬಾಯಿ ತೆರೆದ. ದುಂಡ್ಯಾ ನೋಟು ಹಿಡಿದ, ಗುಂಡಿ ಒತ್ತಿದ. ಬೈಗುಳ ಭವನವೆಲ್ಲ ಮೊಳಗಿತು:

"ಮೈಕ್ ಅಂದ್ರ ಎಲ್ಲಾರಿಗೂ ಒಂದ! ನಡುವ ನಿಂತು ಬಾಯಿ ಕಟ್ಟಿ ರೊಕ್ಕಾ ಕೇಳೂದು ದರೋಡಿ ಅಲ್ಲೇನಲೇ!"

ಅಧಿಕಾರಿ 'ಕಂಪನಿಯ ಹೇಳಿಕೆ' ಅಂತ ಬರೆದು ಅದರ ಕೆಳಗೆ ಅಷ್ಟನ್ನೂ ಬರೆದುಕೊಂಡರು.

ಬಾಳವ್ವ ನಿಂತಲ್ಲಿಂದಲೇ ಕೂಗಿದಳು: "ನಾ ಹೇಳಾಕ ಬಂದದ್ದೂ ಅದನ್ನರೀ! ನನ್ನ ಹೆಸರೂ ಕೆಳಗ ಬರ್ಕೋರಿ!"

ಮ್ಯಾನೇಜರ್ ಬೆವೆತುಹೋದ. "ಹಂಗಲ್ಲರೀ ಸರ್... ಅದು ಮೈಕಿನ ಮಾತು. ಕಂಪನಿ ವಿಷಯ ಬ್ಯಾರೆ. ಅದೇನಂದ್ರ..."

ಟಕ್! ಮೈಕು ಬಂದ್.

"ನಿಮ್ಮ ಹತ್ತು ರೂಪಾಯಿ ಪ್ಯಾಕ್ ಮುಗೀತ್ರಿ, ಸಾಹೇಬ್ರ!" ಅಂದ ದುಂಡ್ಯಾ.