ಬೋಟು ಎಳೆಯೋ ಗಾಡಿ

ಈ ಕಡವಿನಕೋಡಿ ಹೊಳೆಯನ್ನು ಬಾಯಲ್ಲಿ ಬೀಡಿ ಕಚ್ಚಿಕೊಂಡು, ಬೀಡಿ ಆರದ ಹಾಗೆ ಈಜಿ ದಾಟಿದವನು ಇಡೀ ಕರಾವಳಿಯಲ್ಲಿ ನಾನೊಬ್ಬನೇ. ಸುಳ್ಳು. ನನಗೆ ಈಜು ಬರೋದಿಲ್ಲ, ಬೀಡಿಯೂ ನನ್ನದಲ್ಲ. ಆದರೆ ಮುಕಾಂಬುವಿನ ಮಗ ಬಚ್ಚನ ಕತೆ ಮಾತ್ರ ಅಪ್ಪಟ ನಿಜ. ಅರ್ಧಕ್ಕಿಂತ ಹೆಚ್ಚು ನಿಜ. ಕೇಳಿ.

ಮುಕಾಂಬುವಿಗೆ ಇದ್ದವನು ಒಬ್ಬನೇ ಮಗ. ಆಳು ತೆಂಗಿನಮರದಷ್ಟು ಎತ್ತರ, ಬುದ್ಧಿ ಚಿಪ್ಪಿಯಷ್ಟು. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. "ಬಾಗಿಲು ನೋಡಿಕೊಂಡಿರು" ಅಂತ ಹೇಳಿ ಅವಳು ಮೀನು ಮಾರಲು ಹೋದಳು. ಸಂಜೆ ಬಂದು ನೋಡಿದರೆ ಕೋಳಿಗಳು ಅಡುಗೆಮನೆಯಲ್ಲಿ, ಬೆಕ್ಕು ಸಾರಿನ ಪಾತ್ರೆಯಲ್ಲಿ, ಬಚ್ಚ ಬಾಗಿಲಿನ ಮುಂದೆ, ಕಣ್ಣು ಮಿಟುಕಿಸದೆ!

"ಬಾಗಿಲು ಎಲ್ಲಿಗೂ ಹೋಗಲಿಲ್ಲ ಅಮ್ಮಾ!"

ಇಂಥವನಿಗೂ ಒಂದು ವಿದ್ಯೆ ಬರುತ್ತಿತ್ತು. ಅವನ ಅಪ್ಪ ಸೂರ ಬಿಟ್ಟುಹೋದ ಸ್ಕೀ ಬೋಟು ಓಡಿಸುವುದು. ಕಾಲಿಗೆ ಹಲಗೆ ಕಟ್ಟಿಕೊಂಡ ಪ್ರವಾಸಿಗಳು ಹಗ್ಗ ಹಿಡಿದು ನಿಲ್ಲುತ್ತಾರೆ, ಬೋಟು ಅವರನ್ನು ನೀರಿನ ಮೇಲೆ ಸರ್ರಂತ ಎಳೆದುಕೊಂಡು ಹೋಗುತ್ತದೆ. ಅದೇ ಸ್ಕೀ ಬೋಟು. ಅದರ ಚುಕ್ಕಾಣಿ ಹಿಡಿದರೆ ಬಚ್ಚ ಬೇರೆಯೇ ಮನುಷ್ಯ. ನೆಲದ ಮೇಲೆ ಎಡವುವವನು ನೀರಿನ ಮೇಲೆ ಕುಣಿಯುತ್ತಿದ್ದ.

ಮಳೆಗಾಲವೆಲ್ಲ ಬೋಟು ಟ್ರೈಲರಿನ ಮೇಲೆ, ಮನೆಯ ಚಪ್ಪರದಡಿ ಕೂತಿತ್ತು. ಮಳೆ ನಿಂತದ್ದೇ ಮುಕಾಂಬುವಿನ ಅಣ್ಣ ಹೆರಿಯಣ್ಣ ಬಂದ. ಸೂರ ತೀರಿಹೋದ ಮೇಲೆ ಆ ಮನೆಯ ಯಜಮಾನಿಕೆ ಅವನದ್ದೇ.

"ನೋಡು ತಂಗೀ, ಶನಿವಾರ ಮಧ್ಯಾಹ್ನದೊಳಗೆ ಈ ಬೋಟು ಹೊಳೆಗೆ ಇಳೀಬೇಕು. ಇಳಿದರೆ ಬೋಟು ಬಚ್ಚನದ್ದು, ಹೊಳೆಬದಿಯ ಲಾಡ್ಜಿನವರ ಕೆಲಸವೂ ಅವನದ್ದೇ. ಇಳಿಯದಿದ್ದರೆ ನಾನು ಮಾರಿಸಿಬಿಡ್ತೇನೆ."

"ಅಣ್ಣಾ, ಅದು ಅವನ ಅಪ್ಪನ ಬೋಟು!"

"ಅದಕ್ಕೇ ಶನಿವಾರದ ತನಕ ಬಿಟ್ಟದ್ದು."

ಮುಕಾಂಬು ಲೆಕ್ಕ ಹಾಕಿದಳು. ಬೋಟು ಹೋದರೆ ಈ ಮಾಣಿ ಜನ್ಮವಿಡೀ ಬಾಗಿಲು ನೋಡಿಕೊಂಡೇ ಇರಬೇಕಾಗುತ್ತದೆ. ಈಗ ಬೇಕಾದದ್ದು ಬೋಟನ್ನು ಹೊಳೆಯವರೆಗೆ ಎಳೆಯಲು ಒಂದು ಗಾಡಿ. ಪೇಟೆಯಲ್ಲಿ ಹಳೇ ಗಾಡಿ ಮಾರುವ ಉಮ್ಮರ ಸಾಹೇಬರು ಸೂರನ ಸ್ನೇಹಿತರು. "ಎಳೆದು ನೋಡಿ, ಹಿಡಿಸಿದರೆ ಇಟ್ಟುಕೊಳ್ಳಿ" ಅಂತ ಹೇಳಿ ಕಳಿಸಿದ್ದರು. ಮುಕಾಂಬುವಿಗೆ ಮೀನಿನ ಬುಟ್ಟಿ ಬಿಡುವ ಹಾಗಿಲ್ಲ. ಕಳಿಸಲು ಇರುವವನು ಒಬ್ಬನೇ.

"ಮಗಾ, ಗಾಡಿ ಗಟ್ಟಿ ಇರಬೇಕು. ತಿಳೀತಾ? ಗಟ್ಟಿ!"

"ತಿಳೀತು ಅಮ್ಮಾ. ಗಟ್ಟಿ!"

ಸಂಜೆ ಊರಿನ ಕಾಗೆಗಳೆಲ್ಲ ಎದ್ದು ಹಾರಿದವು. ಬಚ್ಚ ಬರುತ್ತಿದ್ದ, ಮೂರು ಚಕ್ರದ ಮುದಿ ಟೆಂಪೋದಲ್ಲಿ. ಬಡಬಡಬಡ, ಢಂ! ಬಡಬಡಬಡ, ಢಂ!

"ಎಂತದಾ ಇದು?"

"ಆಂ?"

"ಎಂತದಾ ಇದು ಅಂದೆ!"

"ಗಟ್ಟಿ ಗಾಡಿ ಅಮ್ಮಾ! ಸಾಹೇಬರ ಹತ್ತಿರ ಇದ್ದದ್ದರಲ್ಲಿ ಇದರ ಸದ್ದೇ ಗಟ್ಟಿ!"

ಬೋಟಿಗೆ ಕಟ್ಟಿ ನೋಡಿದರು. ಟೆಂಪೋ ಮುಂದಿನ ಚಕ್ರ ಎತ್ತಿ ಕೂಗಿತು. ಇನ್ನೂ ಕೂಗಿತು. ಬೋಟು ಒಂದಂಗುಲ ಕದಲಲಿಲ್ಲ.

"ಅಯ್ಯೋ ಪೆದ್ದು ಮುಂಡೇದೇ! ಗಾಡಿ ತರುವಾಗ ಹಿಂದೆ ಮುಂದೆ ನೋಡಿ ತರೋದಲ್ವನಾ?"

"ಅದನ್ನು ಮೊದಲೇ ಹೇಳಬಾರದಾ ಅಮ್ಮಾ?"

ಮರುದಿನ ಮತ್ತೆ ಹೋದ. ಅಮ್ಮ ಹೇಳಿದ್ದನ್ನು ಬಚ್ಚ ಮೀರುವವನಲ್ಲ. ಪ್ರತಿ ಗಾಡಿಯ ಹಿಂದೆ ಹೋಗಿ ನೋಡಿದ, ಮುಂದೆ ಬಂದು ನೋಡಿದ. ಸಂಜೆಗೆ ಒಂದು ಬಿಳೀ ಕಾರು ಬಂತು. ಹಿಂದೆ ನೋಡಿದರೆ ಮದುಮಗ, ಮುಂದೆ ನೋಡಿದರೆ ಮದುಮಗಳು! ಆದರೆ ಕಾರಿನ ಕೆಳಗೆ ಎರಡು ಕಾಲು ಓಡುತ್ತಾ ಬರುತ್ತಿದ್ದವು.

"ಮಗಾ, ಅದು ಯಾರ ಕಾಲು?"

"ನನ್ನದೇ ಅಮ್ಮಾ! ಈ ಕಾರಿಗೆ ಅಡಿಯೇ ಇಲ್ಲ. ಎಂಜಿನ್ನೂ ಇಲ್ಲ. ಇಳಿಜಾರಲ್ಲಿ ಮಾತ್ರ ಸುಖ."

"ನೋಡಲಿಲ್ವನಾ ನೀನು?"

"ನೋಡಿದೆ! ಹಿಂದೆ ನೋಡಿದೆ, ಮುಂದೆ ನೋಡಿದೆ. ಒಳಗೆ ನೋಡು ಅಂತ ನೀನು ಹೇಳಲಿಲ್ಲ!"

ಮುಕಾಂಬು ಹಣೆ ಚಚ್ಚಿಕೊಂಡಳು. ಮೊದಲು ತನ್ನದನ್ನು, ಆಮೇಲೆ ಅವನದನ್ನು. ಅವನ ಅಂಗಾಲು ನೋಡಿದರೆ ಬೊಬ್ಬೆ ಬೊಬ್ಬೆ. ಎಣ್ಣೆ ಹಚ್ಚುತ್ತಾ ಹಚ್ಚುತ್ತಾ ಬೈದಳು.

"ದಾರಿಯಲ್ಲಿ ಕೈ ಕೊಡೋ ಗಾಡಿ ನಮಗೆ ಬೇಡವೇ ಬೇಡ. ಕೈ ಕೊಟ್ಟಿತೋ, ಅಲ್ಲೇ ಬಿಟ್ಟು ಬಾ!"

"ಆಯ್ತಮ್ಮಾ. ಕೈ ಕೊಟ್ಟರೆ ಅಲ್ಲೇ ಬಿಡೋದು."

ಈ ಸಲ ಸಾಹೇಬರಿಗೇ ಪಾಪ ಅನ್ನಿಸಿತು. ಅಂಗಡಿಯ ಒಳಗಿಂದ ಒಂದು ಹಸಿರು ಜೀಪು ತೆಗೆದರು. ಆನೆಯಂಥ ಜೀಪು. ತಾವೇ ಓಡಿಸಿ, ಬಚ್ಚನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅರ್ಧ ದಾರಿ ತಂದರು. ಬಚ್ಚನಿಗೆ ಹಿಡಿಸಿತು. ಸಾಹೇಬರಿಗೂ ಖುಷಿ. ಗಾಡಿ ನಿಲ್ಲಿಸಿ, ಬಲಗೈ ಚಾಚಿ, "ಹಾಗಾದರೆ ಮಾತು ಮುಗೀತು, ತಗೋ ಕೈ!" ಅಂದರು.

ಬಚ್ಚ ಕೈ ನೋಡಿದ. ಜೀಪು ನೋಡಿದ. ದಾರಿ ನೋಡಿದ. ಚಂಗನೆ ಹಾರಿ ಓಡಿದ!

ಮನೆಗೆ ಬಂದವನದು ಏದುಸಿರು.

"ಬದುಕಿದೆವು ಅಮ್ಮಾ! ಜೀಪು ಚಂದವೇ ಇತ್ತು. ಆದರೆ ಸೇತುವೆ ಹತ್ತಿರ ಬರುವಾಗ ಕೈ ಕೊಟ್ಟುಬಿಟ್ಟಿತು. ಅದೂ ಬಲಗೈ!"

ಮುಕಾಂಬುವಿಗೆ ಬೈಯಲೂ ತ್ರಾಣ ಇರಲಿಲ್ಲ. ನಾಳೆಯೇ ಶನಿವಾರ. ಬೋಟಿಗೆ ಒರಗಿ ಕೂತಳು. ಬಚ್ಚನೂ ಪಕ್ಕದಲ್ಲಿ ಕೂತ.

"ಬೋಟು ಮಾರ್ತಾರಾ ಅಮ್ಮಾ?"

ಮುಕಾಂಬು ಸೆರಗಿನಲ್ಲಿ ಅವನ ಮುಖ ಒರೆಸಿದಳು.

"ಇಲ್ಲ ಮಗಾ. ಇನ್ನು ನಾನು ಏನೂ ಬುದ್ಧಿ ಹೇಳೋದಿಲ್ಲ. ನೀನು ಏನೂ ನೋಡಬೇಡ. ಬೆಳಿಗ್ಗೆ ಹೋಗಿ ಸಾಹೇಬರ ಹತ್ತಿರ ಮೂರೇ ಮಾತು ಹೇಳು. ಬೋಟು ಎಳೆಯೋ ಗಾಡಿ. ಕೊಟ್ಟದ್ದನ್ನು ತಾ."

"ಬೋಟು ಎಳೆಯೋ ಗಾಡಿ. ಬೋಟು ಎಳೆಯೋ ಗಾಡಿ."

ನಿದ್ದೆಯಲ್ಲೂ ಅದೇ ಜಪ. ಬೆಳಿಗ್ಗೆ ದಾರಿಯುದ್ದಕ್ಕೂ ಅದೇ ಜಪ. ಸಾಹೇಬರು ಬಲಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ಎಡಗೈಯಲ್ಲಿ ಹಸಿರು ಜೀಪಿನ ಬೀಗದಕೈ ಎಸೆದರು!

ಜೀಪು ಬಂತು. ಟ್ರೈಲರನ್ನು ಕೊಕ್ಕೆಗೆ ಸಿಕ್ಕಿಸಿದರು. ಬೋಟು ಹೊರಟಿತು! ಮುಕಾಂಬು ಪಕ್ಕದಲ್ಲೇ ಓಡಿದಳು, ಅರ್ಧ ಅಳು, ಅರ್ಧ ನಗು. ಆದರೆ ಬಚ್ಚನ ಮುಖ ಮಾತ್ರ ಸಪ್ಪಗೆ. ತಿರುಗಿ ತಿರುಗಿ ಬೋಟನ್ನು ನೋಡುತ್ತಿದ್ದ, ಏನೋ ತಪ್ಪಾಗಿದೆ ಅನ್ನುವ ಹಾಗೆ.

ಹೊಳೆದಡದಲ್ಲಿ ಲಾಡ್ಜಿನ ಅತಿಥಿಗಳೆಲ್ಲ ನೆರೆದಿದ್ದರು. ಹೆರಿಯಣ್ಣನೂ ಇದ್ದ.

"ಇಳಿ ಮಾರಾಯ. ರಿವರ್ಸು ನಾನು ತಗೊಳ್ತೇನೆ. ನಿನ್ನ ನಂಬಿದರೆ ಜೀಪೂ ಹೊಳೆಗೆ ಹೋದೀತು!"

ಹೆರಿಯಣ್ಣ ಜೀಪು ಹತ್ತಿ ಹಿಂದೆ ಹಿಂದೆ ತಂದ. ಟ್ರೈಲರು ನೀರಿಗಿಳಿಯಿತು, ಬೋಟು ತೇಲಿತು. ಮಧ್ಯಾಹ್ನಕ್ಕೆ ಇನ್ನೂ ಹೊತ್ತಿತ್ತು! ಮುಕಾಂಬು ಆಕಾಶಕ್ಕೆ ಕೈ ಮುಗಿದಳು. ಟ್ರೈಲರು ಬಿಚ್ಚಿ ಪಕ್ಕಕ್ಕೆ ತಳ್ಳಿದ ಬಚ್ಚ ಜೀಪಿನ ಚಕ್ರಗಳ ಹತ್ತಿರ ಬಗ್ಗಿ ಬಗ್ಗಿ ಏನೋ ಮಾಡುತ್ತಿದ್ದ. ಚಕ್ರಕ್ಕೆ ಕಲ್ಲು ಕೊಡುತ್ತಿದ್ದಾನೆ, ಬುದ್ಧಿ ಬಂತು ಮಗನಿಗೆ, ಅಂದುಕೊಂಡಳು. ಆಮೇಲೆ ಬಚ್ಚ ಬೋಟು ಹತ್ತಿ ಚುಕ್ಕಾಣಿ ಹಿಡಿದ. ಥೇಟು ಅವನ ಅಪ್ಪ!

ಎಂಜಿನ್ನು ಗುಡುಗಿತು. ಬೋಟು ಹಾರಿತು. ಬೋಟಿನ ಹಿಂದೆ ಒಂದು ಹಗ್ಗ ಬಿಗಿಯಿತು. ಹಗ್ಗದ ಹಿಂದೆ ಜೀಪು! ಜೀಪಿನೊಳಗೆ ಹೆರಿಯಣ್ಣ! ನಾಲ್ಕೂ ಚಕ್ರಗಳಿಗೆ ಬೋಟಿನ ಸ್ಕೀ ಹಲಗೆ ಕಟ್ಟಿತ್ತು. ಜೀಪು ನೀರಿನ ಮೇಲೆ ಸರ್ರಂತ ಜಾರಿತು, ಬೇಕಾದರೆ ನಂಬಿ!

"ಬ್ರೇಕು! ಬ್ರೇಕು!" ಹೆರಿಯಣ್ಣ ತುಳಿದೇ ತುಳಿದ. ಅತಿಥಿಗಳು ಚಪ್ಪಾಳೆ ಹೊಡೆದರು.

"ಬಚ್ಚಾ! ಜೀಪು ಯಾಕೋ ಕಟ್ಟಿದೆ?" ಮುಕಾಂಬು ದಡದುದ್ದಕ್ಕೂ ಓಡಿದಳು.

"ನೀನೇ ಹೇಳಿದ್ದಲ್ವಾ ಅಮ್ಮಾ, ಬೋಟು ಎಳೆಯೋ ಗಾಡಿ ಅಂತ! ದಾರಿಯಲ್ಲಿ ಗಾಡಿಯೇ ಬೋಟನ್ನು ಎಳೀತಿತ್ತು, ತಪ್ಪು ಗಾಡಿ ತಂದೆನಾ ಅಂತ ಹೆದರಿಕೆ ಆಗಿತ್ತು. ಈಗ ನೋಡು! ಬೋಟು ಎಳೀತಾ ಉಂಟು!"

ಬೈಯಬೇಕು ಅಂತ ಬಾಯಿ ತೆರೆದಳು. ನಗು ಬಂತು. ಅಷ್ಟರಲ್ಲಿ ಜೀಪು ಅವಳ ಮುಂದೆಯೇ ಹಾದುಹೋಯಿತು.

"ಅಣ್ಣಾ, ಬೋಟು ಹೊಳೆಗೆ ಇಳೀತು! ಇನ್ನು ಅದು ಯಾರದ್ದು?"

"ಅವನದ್ದೇ ಮಾರಾಯ್ತಿ, ಅವನದ್ದೇ! ಬಚ್ಚಾ, ನನ್ನನ್ನು ಇಳಿಸೋ! ಇದ್ದಲ್ಲೇ ಇಳಿಸೋ!"

"ಆಯ್ತು ಮಾವಾ!" ಅಂದ ಬಚ್ಚ. ಹೇಳಿದ್ದನ್ನು ಮೀರುವವನಲ್ಲ. ನಡುಹೊಳೆಯಲ್ಲಿ ಎಂಜಿನ್ನು ಆರಿಸಿದ.

ಬುಳುಬುಳುಬುಳು ಅಂತ ಮಾವ ಇಳಿದರು.

ಹೆದರಬೇಡಿ. ಹೆರಿಯಣ್ಣನಿಗೆ ಈಜು ಬರುತ್ತದೆ, ನನ್ನ ಹಾಗಲ್ಲ. ಜೀಪಿನ ಸೀಟು ಇವತ್ತಿಗೂ ಒದ್ದೆ, ಬನ್ನಿ, ಮುಟ್ಟಿ ನೋಡಬಹುದು. ಹೋಗುವ ಮೊದಲು ಒಂದು ಮಾತು. ನನ್ನ ಪರ್ಸು ಆ ಜೀಪಿನಲ್ಲೇ ಇತ್ತು. ಈ ಚಾದ ದುಡ್ಡು ನೀವೇ ಕೊಟ್ಟುಬಿಡಿ.