ಹೊಸ್ತಿಲಿಗೆ ಬಳಿದ ಹಳದಿ

ದಿನಾ ಬೆಳಿಗ್ಗೆ ಬಗ್ಗಿ ಅರಿಸಿನ ಹಚ್ಚುವ ಕೆಲಸ ತಪ್ಪಲೆಂದು ಮನೆಯವರು ಮರದ ಹೊಸ್ತಿಲಿಗೆ ಹಳದಿ ಪೇಂಟು ಬಳಿಸಿದರು. ಹೊಸ್ತಿಲಿಗೆ ಮೈಯೆಲ್ಲ ಉರಿದುಹೋಯಿತು.

“ಇನ್ನು ಐದು ವರ್ಷ ನಿನ್ನನ್ನು ಯಾರೂ ಮುಟ್ಟಬೇಕಿಲ್ಲ” ಎಂದು ಪೇಂಟು ಬೀಗಿತು.

“ಮುಚ್ಚು ಬಾಯಿ! ದಿನಾ ಒರೆಸುವ ಕೈಗೆ ಗೆದ್ದಲಿನ ಮಣ್ಣು ಹತ್ತಿದರೆ ಆಗಲೇ ಗೊತ್ತಾಗುತ್ತಿತ್ತು. ನಾಳೆ ಗೆದ್ದಲು ನನ್ನ ಹೊಟ್ಟೆ ಕೊರೆದರೂ ಕೇಳುವವರು ಯಾರು?” ಎಂದು ಹೊಸ್ತಿಲು ಸಿಡಿಯಿತು.

“ಕೊರೆಯಲಿ ಬಿಡು. ನೋಡುವವರಿಗೆ ಕಾಣುವುದು ನಾನು.”

ಗೆದ್ದಲು ಬಂದೇ ಬಂತು. ಮೂರು ವರ್ಷ ಹೊಸ್ತಿಲು ಬೈಯುತ್ತಲೇ ಸವೆಯಿತು, ಪೇಂಟು ಹೊಳೆಯುತ್ತಲೇ ಇತ್ತು.

ಗೌರಿಹಬ್ಬಕ್ಕೆ ಬಂದ ಅಜ್ಜಿ ಪೇಂಟಿನ ಮೇಲೆಯೇ ಅರಿಸಿನ ಹಚ್ಚಲು ಬಗ್ಗಿದರು. ಹೆಬ್ಬೆರಳು ಪೇಂಟನ್ನು ಸೀಳಿಕೊಂಡು ಒಳಗಿಳಿಯಿತು.

“ಹೊಸ್ತಿಲೇ, ನನ್ನನ್ನು ಹಿಡಿದುಕೋ!” ಎಂದು ಪೇಂಟು ಚೀರಿತು.

ತಿರುಗಿ ಬೈಯುವುದಕ್ಕಾದರೂ ಒಳಗೆ ಹೊಸ್ತಿಲು ಉಳಿದಿರಬೇಕಲ್ಲ!